ನಿಜ ಹೇಳಿ ಗೆದ್ದ ಬೀರಮ್ಮ

ಕೇಳಿ ಮಕ್ಕಳೇ. ಹೊತ್ತು ಮುಳುಗುವ ದಿಕ್ಕಿನ ಕಡಲಂಚಿನಲ್ಲಿ ಹೊನ್ನಳಿವೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಬೀರಮ್ಮ ಅನ್ನುವ ಹೆಂಗಸೊಬ್ಬಳು ಮರಳು ಕೆದಕಿ, ಚಿಪ್ಪು ಆರಿಸಿ, ಮಾರಿ ಬದುಕುತ್ತಿದ್ದಳು. ಕಡಲು ಯಾವಾಗ ಏರುತ್ತದೆ, ಎಷ್ಟು ಇಳಿಯುತ್ತದೆ, ಎಲ್ಲವೂ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ.

ಒಂದು ವರ್ಷ ಘಟ್ಟದಾಚೆಯಿಂದ ಘೋರವರ್ಮ ಅನ್ನುವ ಅರಸ ಸೈನ್ಯ ಕಟ್ಟಿಕೊಂಡು ಇಳಿದ. ಹೊನ್ನಳಿವೆಯ ರಾಣಿ ಪದ್ಮಲೆ ಕಾಳಗದಲ್ಲಿ ಸೋತು, ಉಳಿದ ಹಡಗುಗಳನ್ನು ಹತ್ತಿ ದೂರದ ದ್ವೀಪ ಸೇರಿದಳು. ಘೋರವರ್ಮ ಊರಿನ ದೋಣಿಗಳನ್ನೆಲ್ಲ ಸುಡಿಸಿದ. ಗಂಡಸರನ್ನು ಹಿಡಿದು ಕಡಲಿಗೆ ಅಡ್ಡಲಾಗಿ ಗೋಡೆ ಕಟ್ಟಲು ಹಚ್ಚಿದ. ಬೀರಮ್ಮನ ಗಂಡ ಜಟ್ಟಪ್ಪನೂ ಕಲ್ಲು ಹೊತ್ತ.

ಘೋರವರ್ಮನಿಗೆ ಒಂದು ಚಾಳಿ. ಸೋತವರ ಬಾಯಲ್ಲಿ ನಿಜ ಹುಟ್ಟುವುದಿಲ್ಲ ಅಂತ ಅವನು ನಂಬಿದ್ದ.

"ಒಡೆಯಾ, ಇಲ್ಲಿ ಗೋಡೆ ಬೇಡ. ಮಳೆಗಾಲದ ಕಡಲು ತಿಂದುಬಿಡ್ತದೆ," ಅಂದಳು ಬೀರಮ್ಮ.

"ಇವಳು ಬೇಡ ಅಂದಳೆಂದರೆ ಅಲ್ಲೇ ಕಟ್ಟಬೇಕು," ಅಂದ. ಕಟ್ಟಿಸಿದ. ಕಡಲು ತಿಂದಿತು.

"ಒಡೆಯಾ, ಇಲ್ಲಿ ಬಾವಿ ತೋಡಿದರೆ ಉಪ್ಪುನೀರು," ಅಂದಳು. ಅಲ್ಲೇ ತೋಡಿಸಿದ. ಉಪ್ಪುನೀರೇ ಬಂತು. ಇವಳೇ ಮಾಟ ಮಾಡಿದಳು ಅಂತ ಬೆನ್ನಿಗೆ ಹನ್ನೆರಡು ಏಟು ಹೊಡೆಸಿದ.

ಹೀಗೆ ಆರು ವರ್ಷ ಕಳೆಯಿತು. ಒಂದು ಮುಸ್ಸಂಜೆ ಬಂಡೆಯ ಮರೆಯಲ್ಲಿ ಪುಟ್ಟ ದೋಣಿ ನಿಲ್ಲಿಸಿ ಒಬ್ಬ ಬಂದ.

"ಬೀರಕ್ಕ, ನಾನು ರಾಣಿಯವರ ಕಡೆಯವನು. ನಾವು ಎಲ್ಲಿ ಇಳಿಯೋಣ? ಯಾವಾಗ?"

"ಅಮಾವಾಸ್ಯೆ ಬೆಳಗ್ಗೆ ಈ ಚಿಪ್ಪಿನ ದಂಡೆಗೇ ಬನ್ನಿ. ಇಲ್ಲಿ ಮರಳು ಗಟ್ಟಿ. ಹಡಗು ಸೀಳಲಿ ಅಂತ ಅವನು ನೀರಡಿ ಚೂಪು ಗೂಟ ನೆಡಿಸಿದ್ದಾನೆ. ಅವತ್ತು ನೀರು ದೂರ ಇಳೀತದೆ, ಗೂಟವೆಲ್ಲ ಕಣ್ಣಿಗೆ ಬೀಳ್ತವೆ."

ಅಮಾವಾಸ್ಯೆಗೆ ಎರಡು ದಿನ ಇದ್ದಾಗ, ದ್ವೀಪದಲ್ಲಿ ಹಡಗುಗಳು ಸಜ್ಜಾಗಿವೆ ಅಂತ ಗೂಢಚಾರರು ಸುದ್ದಿ ತಂದರು. ಘೋರವರ್ಮ ಬೀರಮ್ಮನನ್ನು ಎಳೆಸಿ ತಂದ. ಎದುರಿಗೆ ಜಟ್ಟಪ್ಪ ಮಂಡಿಯೂರಿದ್ದ. ಅವನ ಕುತ್ತಿಗೆಯ ಮೇಲೆ ಕತ್ತಿ.

"ದಿನವೂ ಕಡಲಂಚು ಸುತ್ತುವವಳು ನೀನು. ಅವರು ಎಲ್ಲಿಗೆ ಬರುತ್ತಾರೆ? ಬೊಗಳು!"

ಹಡಗು ಇಳಿಯಲು ಇದ್ದದ್ದು ಎರಡೇ ಜಾಗ, ಬಂದರು ಮತ್ತು ಚಿಪ್ಪಿನ ದಂಡೆ. ಬಾಯಿ ಬಿಡದಿದ್ದರೆ ಗಂಡ ಹೋಗುತ್ತಾನೆ. ಬಂದರಿಗೆ ಬರುತ್ತಾರೆ ಅಂತ ಸುಳ್ಳು ಹೇಳಿದರೆ, ಇವನು ಅದನ್ನು ತಿರುಗಿಸಿಕೊಂಡು ಚಿಪ್ಪಿನ ದಂಡೆಯಲ್ಲೇ ಹೊಂಚು ಹಾಕುತ್ತಾನೆ. ಉಳಿದದ್ದು ಒಂದೇ ದಾರಿ. ಆದರೆ ಈ ಸಲ ನಂಬಿಬಿಟ್ಟರೆ? ಬೀರಮ್ಮ ಗಂಡನ ಮುಖ ನೋಡಿದಳು, ಆಮೇಲೆ ಅರಸನ ಕಡೆ ತಿರುಗಿದಳು.

"ನಿಜ ಹೇಳ್ತೇನೆ ಒಡೆಯಾ. ಅಮಾವಾಸ್ಯೆ ಬೆಳಗ್ಗೆ, ನನ್ನ ಚಿಪ್ಪಿನ ದಂಡೆಗೆ ಬರ್ತಾರೆ."

ಅವನು ಮೂರು ಸಲ ಕೇಳಿದ. ಅವಳು ಮೂರು ಸಲವೂ ಅದನ್ನೇ ಹೇಳಿದಳು. ಘೋರವರ್ಮ ಗಹಗಹಿಸಿ ನಕ್ಕ.

"ತನ್ನ ರಾಣಿಯನ್ನು ಯಾರಾದರೂ ಇಷ್ಟು ಸಲೀಸಾಗಿ ಹಿಡಿದುಕೊಡುತ್ತಾರೆಯೇ? ಹಾಗಾದರೆ ಅವರು ಬರುವುದು ಬಂದರಿಗೇ! ಸೈನ್ಯವೆಲ್ಲ ಅತ್ತ ಹೊರಡಲಿ. ಇವನನ್ನು ಸೆರೆಗೆ ಹಾಕಿ. ಗಂಡ ಇಲ್ಲಿರುವಾಗ ಇವಳು ಎಲ್ಲಿಗೂ ಓಡಲಾರಳು, ಬಿಡಿ. ಇವಳ ಸುಳ್ಳು ಬಯಲಾದ ಮೇಲೆ ಇಬ್ಬರಿಗೂ ಶೂಲ."

ಬಂದರು ಮೂರು ಗಾವುದ ದೂರ. ಆನೆ ಹೋಯಿತು, ಕುದುರೆ ಹೋಯಿತು, ಕಾಲಾಳು ಹೋಯಿತು.

ಅಮಾವಾಸ್ಯೆ ಬೆಳಗಾಯಿತು. ನೀರು ಹಿಂದೆ ಸರಿಯಿತು. ಗೂಟಗಳು ಹಲ್ಲು ಕಿರಿದವು. ದಂಡೆಯಲ್ಲಿ ನಿಂತ ಬೀರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಏನೂ ಇಲ್ಲ. ಆಮೇಲೆ ಒಂದು ಹಾಯಿ. ಆಮೇಲೆ ಹತ್ತು. ಆಮೇಲೆ ಕಡಲೇ ಬೆಳ್ಳಗಾಯಿತು!

ಉಳಿದಿದ್ದ ಕಾವಲುಗಾರರು ಬಾಣ ಬಿಟ್ಟರು. ಹಡಗಿನಿಂದ ಇಳಿದವರಲ್ಲಿ ಎಳೆಯ ಪ್ರಾಯದ ಕೆಲವರು ಮರಳಲ್ಲೇ ಬಿದ್ದರು. ಬೀರಮ್ಮ ಓಡೋಡಿ ಹೋಗಿ ಅವರ ಬಾಯಿಗೆ ನೀರು ಬಿಟ್ಟಳು. ಮಿಕ್ಕವರು ಗೂಟ ತಪ್ಪಿಸಿ ಮೇಲೆ ಬಂದರು. ಊರವರು ಕೋಟೆ ಬಾಗಿಲು ತೆರೆದರು. ಘೋರವರ್ಮ ಒಳಗೇ ಸಿಕ್ಕಿಬಿದ್ದ. ಬಂದರಿನಿಂದ ಏದುಸಿರು ಬಿಡುತ್ತ ಮರಳಿದ ಸೈನ್ಯ, ಕೋಟೆ ಮೇಲೆ ರಾಣಿಯ ಬಾವುಟ ಕಂಡು ಆಯುಧ ಕೆಳಗಿಟ್ಟಿತು.

"ಮೋಸಗಾತಿ!" ಅಂತ ಅರಚಿದ, ಸೆರೆಸಿಕ್ಕ ಘೋರವರ್ಮ.

"ನಾನು ನಿಮಗೆ ಒಂದು ದಿನವೂ ಸುಳ್ಳು ಹೇಳಲಿಲ್ಲ ಒಡೆಯಾ," ಅಂದಳು ಬೀರಮ್ಮ.

ಆ ಒಂದು ಬೆಳಗಿನಿಂದ ಕಡಲಂಚಿನ ಹನ್ನೆರಡು ಊರುಗಳೂ ಬಿಡುಗಡೆಯಾದವು. ಮಗು ಹುಟ್ಟಿದ್ದು, ಮದುವೆಯಾದದ್ದು, ಎಲ್ಲಕ್ಕೂ ಜನ "ಹಡಗು ಬಂದ ವರ್ಷ"ದಿಂದಲೇ ಎಣಿಸತೊಡಗಿದರು. ಜಟ್ಟಪ್ಪ ಸೆರೆಯಿಂದ ಹೊರಬಂದ. ಬೀರಮ್ಮ ಬಾಗಿಲಲ್ಲೇ ಅವನ ಕೈ ಹಿಡಿದು, ಆರು ವರ್ಷ ಹಿಡಿದಿಟ್ಟ ಉಸಿರನ್ನು ಬಿಟ್ಟು, ಅತ್ತಳು, ನಕ್ಕಳು.

ಅದಕ್ಕೇ ಹಿರಿಯರು ಹೇಳುವುದು ಮಕ್ಕಳೇ: ಜನರನ್ನು ನಂಬದ ಅರಸನಿಗೆ ನಿಜವೂ ಸುಳ್ಳಾಗಿಯೇ ಕೇಳಿಸುತ್ತದೆ. ಅವನನ್ನು ಕೆಡವಲು ಬೇರೆ ಶತ್ರು ಬೇಕಿಲ್ಲ, ಅವನ ಕಿವಿಯೇ ಸಾಕು.