ಮುಳ್ಳು ನಿಂತ ಜಾಗ

ಆಕಾಶದ ಮೇಲ್ಪದರಗಳನ್ನು ಓದುತ್ತಲೇ ತಲೆ ನರೆಸಿಕೊಂಡ ನಿಜಗುಣಪ್ಪ ಮೇಷ್ಟ್ರು ಈಗ ನದಿ ದಂಡೆಯಲ್ಲೊಂದು ಕುಟೀರ ಕಟ್ಟಿಕೊಂಡು ಕುಂಬಳಕಾಯಿ ಬೆಳೆಯುತ್ತಿದ್ದರು. ಆಕಾಶಕ್ಕಿಂತ ಅದು ಬೇಗ ಕೈಗೆ ಬರುತ್ತದೆ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯೆ ಕುಮುದಿನಿ ತನ್ನ ಏಳು ವರ್ಷದ ಪ್ರಬಂಧ ಹೊತ್ತು ಬಂದಳು. ನಾಳೆ ಒಪ್ಪಿಸಬೇಕು. ಮೇಷ್ಟ್ರ ಸಹಿ ಇಲ್ಲದೆ ಆಗದು.

ಅರವತ್ತು ವರ್ಷದ ಹಿಂದೆ ದೊಡ್ಡ ದೇಶಗಳು, ಉಸಿರಾಡುವಷ್ಟು ಗಾಳಿಯೂ ಇಲ್ಲದ ಎತ್ತರದಲ್ಲಿ ಅಣುಬಾಂಬು ಸಿಡಿಸಿದ್ದವು. ಆಮೇಲೆ ನಿಷೇಧವಾಯಿತು. ಅಲ್ಲಿ ಏನಾಯಿತೆಂದು ತಿಳಿಯಲು ಅವಳ ಬಳಿ ಇದ್ದದ್ದು ಅಂದಿನ ಕೆಲವು ಕಾಗದದ ಸುರುಳಿಗಳು, ಯಂತ್ರದ ಲೇಖನಿ ಎಳೆದ ಗೆರೆಗಳು.

ಮೇಷ್ಟ್ರು ಪ್ರಬಂಧದಲ್ಲಿ ಅವಳು ನಕಲಿಸಿದ್ದ ಒಂದು ಗೆರೆಯ ಮೇಲೆ ಬೆರಳಿಟ್ಟರು.

"ಸಿಡಿದ ಕ್ಷಣದಲ್ಲಿ ಲೇಖನಿ ಕಾಗದದ ಅಂಚಿಗೆ ಬಡಿದು ನಿಂತುಬಿಟ್ಟಿತ್ತಲ್ಲ? ಗೆರೆ ಮೇಲೇರಿ ಇಳಿದಿರೋ ಈ ಗೋಪುರ ಎಲ್ಲಿಂದ ಬಂತು?"

"ನಾನೇ ತುಂಬಿದೆ ಮೇಷ್ಟ್ರೇ. ಆ ಕಡೆ ಏರು, ಈ ಕಡೆ ಇಳಿವು ನೋಡಿದ್ರೆ ತುದಿ ಅಲ್ಲೇ ಇರಬೇಕು."

"ನೀನು ತುಂಬಿದ್ದು ಅಂತ ಬರೆದಿದ್ದೀಯಾ?"

"ಇಲ್ಲ. ಖಾಲಿ ಬಿಟ್ರೆ, ಏಳು ವರ್ಷ ಏನ್ ಮಾಡ್ದೆ ಅಂತ ಕೇಳ್ತಾರೆ."

ಮೇಷ್ಟ್ರು ಎದ್ದುಹೋಗಿ ಹತ್ತು ಕೆಜಿವರೆಗೆ ಮಾತ್ರ ತೂಗುವ ಸ್ಪ್ರಿಂಗ್ ತಕ್ಕಡಿ ತಂದರು. ಹಿತ್ತಲಿನ ಅತಿ ದೊಡ್ಡ ಕುಂಬಳಕಾಯಿಯನ್ನು ಅದಕ್ಕೆ ತೂಗುಹಾಕಿದರು. ಮುಳ್ಳು ಕೊನೆಗೆ ಬಡಿದು ನಿಂತಿತು.

"ಎಷ್ಟು?"

"ಹತ್ತು. ಅಲ್ಲ, ಹತ್ತಕ್ಕಿಂತ ಜಾಸ್ತಿ."

"ಎಷ್ಟು ಜಾಸ್ತಿ?"

ಕುಮುದಿನಿ ಕಾಯಿಯನ್ನು ಸುತ್ತಿ ನೋಡಿದಳು. "ಹದಿನಾಲ್ಕು?"

"ಅದು ಕಾಯಿಯ ತೂಕ ಅಲ್ಲಮ್ಮ. ನಿನ್ನ ಧೈರ್ಯದ ತೂಕ."

ಅವಳು ಮತ್ತೊಮ್ಮೆ ಮುಳ್ಳನ್ನು ನೋಡಿದಳು. ಆಮೇಲೆ ಪೆನ್ನು ತೆಗೆದು ಗೋಪುರವನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದಳು: ಇಲ್ಲಿಂದ ಮೇಲೆ ತಿಳಿಯದು.

"ಏಳು ವರ್ಷಕ್ಕೆ ಮೂರು ಪದ," ಎಂದಳು.

"ನನಗೆ ಇಪ್ಪತ್ತು ವರ್ಷ ಹಿಡೀತು," ಎಂದು ಮೇಷ್ಟ್ರು ಸಹಿ ಹಾಕಿದರು.

ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು ಎಂಬುದು ಆ ಕಡೆಯ ರೂಢಿ. ಮೇಷ್ಟ್ರು ಮಚ್ಚನ್ನು ಅವಳ ಕೈಗೇ ಕೊಟ್ಟರು. ಒಂದೇ ಏಟಿಗೆ ಹೋಳಾಯಿತು. ಮಧ್ಯಾಹ್ನಕ್ಕೆ ಹುಳಿ ಕುದಿಯಿತು.

ಎರಡನೇ ಸಲ ಅನ್ನ ಕಲಸುತ್ತಾ ಅವಳು ನಿಟ್ಟುಸಿರಿಟ್ಟಳು.

"ಆದ್ರೂ ಮೇಷ್ಟ್ರೇ, ಈಗಿನ ಯಂತ್ರಗಳನ್ನಿಟ್ಟು ಇನ್ನೊಂದು, ಒಂದೇ ಒಂದು ಸಿಡಿಸಿದ್ರೆ, ಆ ತುದಿ ಸಿಕ್ಕೇಬಿಡ್ತಿತ್ತು."

ಮೇಷ್ಟ್ರು ಸೌಟು ಎತ್ತಿದರು.

"ಆ ಗೆರೆ ಅರ್ಧಕ್ಕೇ ನಿಂತಿರಲಿ ತಾಯಿ. ತಟ್ಟೆ ಮುಂದೆ ತಾ."