ಎರಡು ನಾಡನ್ನು ತೂಗಿದ ತಿಪ್ಪ

ಹೂಂಗುಟ್ಟುವವರು ಮುಂದೆ ಬನ್ನಿ, ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ. ನಗು ಬಂದರೆ ನಗಿ, ಬೇಡ ಅನ್ನುವುದಿಲ್ಲ. ಆದರೆ ಇವನನ್ನು ನೋಡಿ ನಗುವ ಮೊದಲು ಇವನವ್ವನ ಮುಖ ಒಂದು ಸಲ ನೋಡಿಬಿಡಿ.

ಒಂದೂರಲ್ಲಿ ದುಂಡಮ್ಮ ಅಂತ ಒಬ್ಬ ಕುಂಬಾರ್ತಿ. ಗಂಡ ತೀರಿಹೋಗಿ ಬಹಳ ವರ್ಷ ಆಗಿತ್ತು. ಹೆತ್ತ ಮೂರು ಮಕ್ಕಳು ಉಳಿಯಲಿಲ್ಲ. ನಾಲ್ಕನೆಯದು ಹುಟ್ಟಿದಾಗ, ಇದಾದರೂ ಉಳಿಯಲಿ ಅಂತ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು, ತಿಪ್ಪ ಅಂತ ಹೆಸರಿಟ್ಟಳು. ತಿಪ್ಪ ಉಳಿದ. ಚೆನ್ನಾಗಿಯೇ ಉಳಿದ. ಬಾಗಿಲಿಗೆ ತಲೆ ತಾಗುವಷ್ಟು ಬೆಳೆದ, ಗಾಡಿ ಎಳೆಯುವಷ್ಟು ಕಸುವು ಬಂತು, ಮೀಸೆ ಬಂತು. ಬುದ್ಧಿ ಮಾತ್ರ ದಾರಿಯಲ್ಲೆಲ್ಲೋ ಕೂತುಬಿಟ್ಟಿತು. ಹೇಳಿದ್ದನ್ನು ಮಾಡುವುದಿಲ್ಲ ಅಂತ ಯಾರೂ ದೂರುವಂತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಪೀಕಲಾಟ. ಹಾಲು ನೋಡ್ಕೊಳೋ ಅಂದರೆ, ಉಕ್ಕಿ ಒಲೆಯ ಪಾಲಾಗುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವ್ವ ಬೈದರೆ, "ನೀ ಹೇಳಿದಂಗೇ ಮಾಡಿದೆ ಕಣವ್ವ," ಅನ್ನುತ್ತಿದ್ದ.

ಇವರ ಊರು ಎರಡು ನಾಡುಗಳ ನಡುವಿನ ದಿಬ್ಬದ ಮೇಲಿತ್ತು. ಮೂಡಲಿಗೆ ಗಣಿನಾಡು, ಪಡುವಲಿಗೆ ಕೆಸರುನಾಡು. ಗಣಿನಾಡಿನ ಗುಡ್ಡ ಬಗೆದರೆ ಕಬ್ಬಿಣ, ತಳ ಕೆದಕಿದರೆ ಬಂಗಾರ. ಅಲ್ಲಿ ಕಲ್ಲಿನ ಮನೆ, ಹಿತ್ತಾಳೆ ಬಡಿದ ಬಾಗಿಲು. ಕೆಸರುನಾಡಿನಲ್ಲಿ ಏನಿದೆ? ನೀರು, ಗದ್ದೆ, ಬಾತುಕೋಳಿ, ಹುಲ್ಲಿನ ಸೂರು. ದಿಬ್ಬದ ಜನ ಮೂಡಲಿಗೆ ತಿರುಗಿ ಬಾಯಲ್ಲಿ ನೀರೂರಿಸುತ್ತಿದ್ದರು, ಪಡುವಲಿಗೆ ತಿರುಗಿ ಮೂಗು ಮುರಿಯುತ್ತಿದ್ದರು.

ಆ ವರ್ಷ ದುಂಡಮ್ಮನ ಜೇಡಿಮಣ್ಣಿನ ಗುಂಡಿಯಲ್ಲಿ ಮಣ್ಣು ಮುಗಿದು ಬಂಡೆ ಕಾಣಿಸಿತು. ಮಡಕೆ ತಟ್ಟಲು ಮಣ್ಣಿಲ್ಲದ ಮೇಲೆ ದಿಬ್ಬದ ಮೇಲೆ ಏನು ಕೆಲಸ? ಮಳೆಗಾಲಕ್ಕೆ ಮುಂಚೆ ಎಲ್ಲಾದರೂ ಹೋಗಬೇಕು. ಎರಡು ದಾರಿ, ಎರಡು ನಾಡು. ತನ್ನೊಬ್ಬಳದೇ ಆಗಿದ್ದರೆ ಅವಳು ಕಣ್ಣು ಮುಚ್ಚಿ ಯಾವುದೋ ದಾರಿ ಹಿಡಿದುಬಿಡುತ್ತಿದ್ದಳು. ಅವಳ ಎದೆಯಲ್ಲಿ ಕುಟುಕುತ್ತಿದ್ದದ್ದು ಬೇರೆ.

"ನಾನು ಹೋದ ಮೇಲೆ ನನ್ನ ಪೆದ್ದನಿಗೆ ಒಂದು ತುತ್ತು ಹಾಕೋ ನಾಡು ಯಾವುದು? ಅದು ಗೊತ್ತಾಗೋಗಂಟ ನಾನು ಸಾಯೋಳಲ್ಲ," ಅಂತ ಸೆರಗು ಸೊಂಟಕ್ಕೆ ಬಿಗಿದಳು. ಅವಳು ಸೆರಗು ಬಿಗಿದಳು ಅಂದರೆ ಊರಗೌಡನೂ ದಾರಿ ಬಿಡುತ್ತಿದ್ದ. ಆದರೆ ಮಂಡಿ ಊದಿತ್ತು, ಅಷ್ಟು ದೂರ ನಡೆಯಲಾಗದು. ಮಗನನ್ನು ಕರೆದಳು. ಎರಡೂ ನಾಡಿಗೆ ಹೋಗು, ಯಾವುದು ಹೆಚ್ಚು ಯಾವುದು ಕಡಿಮೆ, ಚೆನ್ನಾಗಿ ತೂಗಿ ನೋಡಿ ಬಾ ಅಂದಳು.

ತಿಪ್ಪ ತಕ್ಕಡಿ ಹೆಗಲಿಗೆ ಹಾಕಿಕೊಂಡು ಹೊರಟ.

ಗಣಿನಾಡಿಗೆ ಹೋದ. ಬುಟ್ಟಿ ತುಂಬ ಮಣ್ಣು ಅಗೆದ. ಕಾವಲುಗಾರ ಓಡಿಬಂದು, ನಮ್ಮ ನೆಲ ಕದಿಯುತ್ತೀಯಾ ಅಂತ ಬೆನ್ನಿಗೆ ಎರಡು ಬಾರಿಸಿದ. ತಿಪ್ಪ ಏಟು ತಿಂದ, ಬುಟ್ಟಿ ಬಿಡಲಿಲ್ಲ. ಅವ್ವ ಹೇಳಿದ್ದಾಳೆ, ತೂಗಲೇಬೇಕು. ಅಲ್ಲಿಂದ ಕೆಸರುನಾಡಿಗೆ ಬಂದ. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹನುಮಕ್ಕ ಅನ್ನುವವಳು ಸೊಂಟ ನೆಟ್ಟಗೆ ಮಾಡಿ, ಏನಪ್ಪಾ ಇದು ಅಂದಳು. ನಿಮ್ಮ ನಾಡನ್ನು ತೂಗಬೇಕು ಅಂದ. ಹನುಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು, ತಾನೇ ಇನ್ನೊಂದು ಬುಟ್ಟಿಗೆ ಮಣ್ಣು ತುಂಬಿಕೊಟ್ಟು, ದಾರಿಗೆ ಅಂತ ನಾಲ್ಕು ಅಕ್ಕಿರೊಟ್ಟಿ ಕಟ್ಟಿಕೊಟ್ಟಳು.

"ಗಣಿನಾಡು ಎರಡು ಸೇರು ಹೆಚ್ಚು ತೂಗುತ್ತೆ ಕಣವ್ವ," ಅಂದ ತಿಪ್ಪ ಮನೆಗೆ ಬಂದು.

ದುಂಡಮ್ಮ ಹಣೆ ಚಚ್ಚಿಕೊಂಡಳು. ನಾಡನ್ನು ತೂಗುವುದು ಅಂದರೆ ಮಣ್ಣು ತೂಗುವುದೇನೋ ಮಂಕೇ ಅಂತ ಬೈದಳು. ಬೈಯುತ್ತಲೇ ಎರಡೂ ಬುಟ್ಟಿಗೆ ಕೈ ಹಾಕಿದಳು, ಕುಂಬಾರರ ಕೈ ಸುಮ್ಮನಿರುವುದಿಲ್ಲ. ಗಣಿನಾಡಿನ ಮಣ್ಣು ಬೆರಳಿನಿಂದ ಮರಳಾಗಿ ಉದುರಿತು. ಕೆಸರುನಾಡಿನದು ಜಿಗುಟಾಗಿ ಅಂಟಿಕೊಂಡಿತು. ಬೈಗುಳ ಮುಗಿಯುವಷ್ಟರಲ್ಲಿ ಅವಳ ಕೈಯಲ್ಲಿ ಒಂದು ಪುಟ್ಟ ಕುಡಿಕೆ ಆಗಿತ್ತು. ಅದನ್ನು ಕಿಟಕಿಯಲ್ಲಿಟ್ಟಳು. ಮಗನ ಬೆನ್ನಿನ ಬಾಸುಂಡೆಗೆ ಎಣ್ಣೆ ಹಚ್ಚಿದಳು, ಅವನು ತಂದ ರೊಟ್ಟಿ ತಿಂದಳು. ಆ ಬಾಸುಂಡೆ ಎಲ್ಲಿಯದು, ಈ ರೊಟ್ಟಿ ಎಲ್ಲಿಯದು ಅಂತ ಕೇಳಲಿಲ್ಲ. ಬಂಗಾರದ ಗುಡ್ಡದ ಮೇಲೆ ಕಣ್ಣು ನೆಟ್ಟವರಿಗೆ ಕೈಯಲ್ಲಿರುವ ರೊಟ್ಟಿ ಎಲ್ಲಿ ಕಾಣಬೇಕು?

ಮಣ್ಣಿನ ತಂಟೆಗೆ ಹೋಗಬೇಡ, ಮನುಷ್ಯರನ್ನು ಹಿಡಿ ಅಂದಳು. ದೊಡ್ಡವರೊಬ್ಬರ ಹತ್ತಿರ ಹೋಗಿ ಕೂತು, ಮೆಲ್ಲಗೆ ಬಾಯಿ ಬಿಡಿಸು, ಒಳಗಿರುವುದೆಲ್ಲ ತಿಳಿದುಕೊಂಡು ಬಾ.

ತಿಪ್ಪ ಹೂಂ ಅಂದ. ಗಣಿನಾಡಿನಲ್ಲಿ ಒಬ್ಬ ಧಣಿ ಮೆತ್ತೆಯ ಮೇಲೆ ಕೂತಿದ್ದ. ಇವನು ಹತ್ತಿರ ಹೋಗಿ ಕೂತ, ಮೆಲ್ಲಗೆ ಎರಡು ಕೈಯಲ್ಲಿ ಧಣಿಯ ದವಡೆ ಹಿಡಿದು ಬಾಯಿ ಬಿಡಿಸಿ ಒಳಗೆ ಇಣುಕಿದ. ಧಣಿಯ ಆಳುಗಳು ನಾಲ್ಕು ಜನ ಬಂದು ಇವನನ್ನು ಮೆಟ್ಟಿಲ ಕೆಳಗೆ ಉರುಳಿಸಿದರು. ಕೆಸರುನಾಡಿನಲ್ಲಿ ಹನುಮಕ್ಕನ ಮಾವ, ಹಣ್ಣು ಹಣ್ಣು ಮುದುಕ, ಜಗುಲಿಯಲ್ಲಿದ್ದ. ತಿಪ್ಪ ಕೈ ಚಾಚುವುದರೊಳಗೆ ಅವನೇ ಆ ಅಂತ ಬಾಯಿ ತೆರೆದ, ಯಾರೋ ನಾಟಿ ವೈದ್ಯ ಬಂದ ಅಂದುಕೊಂಡು. ಸುದ್ದಿ ಹರಡಿತು. ಕೇರಿಯವರೆಲ್ಲ ಸಾಲಾಗಿ ನಿಂತು ಬಾಯಿ ತೋರಿಸಿದರು. ತಿಪ್ಪ ಎಲ್ಲರ ಬಾಯಿಯೂ ನೋಡಿದ. ನೋಡಿ ದಣಿದವನಿಗೆ ಹನುಮಕ್ಕ ಮೊಸರನ್ನ ಹಾಕಿದಳು.

"ಗಣಿನಾಡಿನ ಬಾಯಲ್ಲಿ ಮೂರು ಬಂಗಾರದ ಹಲ್ಲೈತೆ. ಕೆಸರುನಾಡಿನ ಬಾಯಲ್ಲಿ ಬರೀ ಅಗುಳು ಕಣವ್ವ, ಎಲ್ಲಾರ ಬಾಯಲ್ಲೂ ಅದೇ."

ದುಂಡಮ್ಮ ಮಗನ ಮೊಣಕೈಗೆ ಅರಿಶಿನ ಮೆತ್ತುತ್ತಾ ಬೈದಳು. ಬಾಯಿ ಬಿಡಿಸು ಅಂದರೆ ಮಾತಾಡಿಸು ಅಂತ ಕಣೋ, ನಿನ್ನ ಕೈಗಿಷ್ಟು! ಒಂದು ಘಳಿಗೆ ಬಂಗಾರದ ಹಲ್ಲು ಅವಳ ಕಣ್ಣ ಮುಂದೆ ಹೊಳೆಯಿತು. ಅಂಥ ನಾಡಿನಲ್ಲಿ ನನ್ನ ಮಡಕೆ ಯಾರಾದರೂ ಕೊಳ್ಳದೆ ಇರುತ್ತಾರೆಯೇ, ನನ್ನ ಮಗನಿಗೆ ಒಂದು ಮೂಲೆ ಸಿಗದೆ ಇರುತ್ತದೆಯೇ ಅಂದುಕೊಂಡಳು. ಆದರೂ ಅವಳು ಬರೀ ಹೊಳಪಿಗೆ ಮಡಕೆ ಕೊಳ್ಳುವವಳಲ್ಲ, ಬೆರಳಿನಿಂದ ತಟ್ಟಿ ಸದ್ದು ಕೇಳುವವಳು. ಮತ್ತೆ ಸೆರಗು ಬಿಗಿದಳು. ಯಾರನ್ನೂ ಮುಟ್ಟಬೇಡ. ಅಡುಗೆಮನೆಗೆ ಹೋಗು, ಒಲೆಯ ಮೇಲೆ ಕಣ್ಣಿಡು, ಅಷ್ಟು ಸಾಕು ಅಂತ ಕಳಿಸಿದಳು.

ಈ ಸಲ ತಿಪ್ಪ ಹಿಂದಿರುಗಿದಾಗ ಅವನಿಗೆ ಹುಬ್ಬೇ ಇರಲಿಲ್ಲ. ಹುಬ್ಬಿದ್ದ ಕಡೆ ಬೆಣ್ಣೆ ಮೆತ್ತಿತ್ತು.

"ಗಣಿನಾಡಿನ ಒಲೆ ಬಲು ಒಳ್ಳೇದು ಕಣವ್ವ. ತಣ್ಣಗೈತೆ. ಕಣ್ಣಿಟ್ಕೊಂಡು ಮಧ್ಯಾಹ್ನಗಂಟ ನಿದ್ದೆ ಮಾಡಿದೆ. ಕೆಸರುನಾಡಿನ ಒಲೆ ಸರಿಯಿಲ್ಲ, ಸುಡುತ್ತೆ."

ದುಂಡಮ್ಮ ಬೈಯಲು ಬಾಯಿ ತೆರೆದಳು, ಬೈಗುಳ ಬಿಟ್ಟು ಅವನ ಹತ್ತಿರ ಕೂತಳು. ನಡುಹಗಲಲ್ಲಿ ಒಲೆ ತಣ್ಣಗೆ ಯಾಕಿತ್ತು ಅಂತ ಕೇಳಿದಳು. ಗುಡ್ಡ ಬೋಳಾಗಿ ಸೌದೆ ಸಿಗುವುದಿಲ್ಲವಂತೆ, ಮನೆಯವರೆಲ್ಲ ಗಣಿಗೆ ಹೋಗಿರುತ್ತಾರಂತೆ, ಧಣಿಯ ಮನೆಯಿಂದ ಬುತ್ತಿ ಬಂದ ದಿನ ಊಟವಂತೆ, ಅಲ್ಲೊಬ್ಬ ಮುದುಕಿ ಹೇಳಿದಳು ಅಂದ ತಿಪ್ಪ. ಬುತ್ತಿ ಬರದ ದಿನ? ಆವತ್ತು ನಿದ್ದೆಯಂತೆ. ನೀನು ಎದ್ದ ಮೇಲೆ ಏನಾಯಿತೋ ಅಂದಳು. ಮನೆಯ ಮಗ ಗಣಿಯಿಂದ ಬಂದು, ಒಲೆಯ ಮೇಲೆ ಯಾರೋ ಮಲಗಿದ್ದಾರೆ ಅಂತ ಕತ್ತು ಹಿಡಿದು ಆಚೆ ನೂಕಿದ. ಬೆಣ್ಣೆ ಮೆತ್ತಿದ್ದು ಯಾರು? ಹನುಮಕ್ಕ. ಮೊದಲ ದಿನ ರೊಟ್ಟಿ ಕೊಟ್ಟವಳು? ಅವಳೇ. ಮೊಸರನ್ನ? ಅವಳೇ.

"ನೀನು ಹೋದಾಗೆಲ್ಲ ಅವರು ಏನಂತಾರೋ?"

"ನಗ್ತಾರೆ ಕಣವ್ವ. ಆಮೇಲೆ ಬಡಿಸ್ತಾರೆ."

ದುಂಡಮ್ಮ ಕಿಟಕಿಯ ಕುಡಿಕೆ ತೆಗೆದು ನೋಡಿದಳು. ಎಲ್ಲೂ ಬಿರುಕಿರಲಿಲ್ಲ. ಸರಿ, ಪಡುವಲಿಗೇ ಹೋಗೋಣ ಅಂದಳು. ಆದರೆ ಎದೆಯೊಳಗಿನ ಮುಳ್ಳು ಪೂರ್ತಿ ಹೋಗಲಿಲ್ಲ. ಬಂದು ಹೋಗುವವನಿಗೆ ಯಾರಾದರೂ ಒಂದು ಹೊತ್ತು ಬಡಿಸಿಯಾರು. ಹೋಗದೆ ಅಲ್ಲೇ ಉಳಿದವನಿಗೆ, ಹಿಂದೆ ಮುಂದೆ ಯಾರೂ ಇಲ್ಲದವನಿಗೆ ಬಡಿಸುತ್ತಾರೆಯೇ? ಅದನ್ನು ತೂಗಲು ಅವಳ ಹತ್ತಿರ ತಕ್ಕಡಿ ಇರಲಿಲ್ಲ.

ಮರುದಿನ ಕೈಗಾಡಿಗೆ ಮಡಕೆ ಮಾಡುವ ತಿಗರಿ ಏರಿಸಿದರು, ಪಾತ್ರೆ ಪಡಗ ಏರಿಸಿದರು. ಹಿಂದುಗಡೆ ದುಂಡಮ್ಮ ಕಾಲು ಇಳಿಬಿಟ್ಟುಕೊಂಡು ಕೂತಳು. ಗಾಡಿ ಹತ್ತು ಹೆಜ್ಜೆ ಹೋಗುವುದರೊಳಗೆ ತಿಪ್ಪ ಹಳೆಯ ಮನೆಯ ಕಡೆ ತಿರುಗಿ ನಿಂತು ಗೊಳೋ ಅಂತ ಅಳತೊಡಗಿದ. ದುಂಡಮ್ಮ ಗಾಡಿಯ ಅಂಚು ಹಿಡಿದುಕೊಂಡಳು. ಇನ್ನು ಒಂದು ಘಳಿಗೆ ನಿಂತರೆ ತಾನೇ ಇಳಿದುಬಿಡುತ್ತೇನೆ ಅನ್ನಿಸಿ ಗದರಿದಳು.

"ಹಿಂದೆ ತಿರುಗಬೇಡ. ಯಾರು ಕರೆದ್ರೂ ತಿರುಗಬೇಡ. ನಾನೇ ನಿಲ್ಲು ಅಂದ್ರೂ ನಿಲ್ಲಬೇಡ. ನಡಿ."

ತಿಪ್ಪ ನಡೆದ. ಹಳ್ಳ ದಾಟುವಾಗ ಗಾಡಿಯ ಗಾಲಿ ಗುಂಡಿಗೆ ಬಿದ್ದು ಕುಲುಕಿತು. ದುಂಡಮ್ಮ ದೊಪ್ಪನೆ ಕೆಸರಿಗೆ ಬಿದ್ದಳು. ಗಾಡಿ ಹಗುರಾಗಿ ಮುಂದೆ ಓಡಿತು.

"ತಿಪ್ಪಾ, ಬಿದ್ದೆ ಕಣೋ, ನಿಲ್ಲೋ!"

"ನಿಲ್ಲಲ್ಲ ಕಣವ್ವ!"

"ತಿರುಗಿ ನೋಡೋ!"

"ನೋಡಲ್ಲ ಕಣವ್ವ!" ಅಂತ ಇನ್ನೂ ಜೋರಾಗಿ ಎಳೆದ. ಅವ್ವ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಅಂತ ಅವನಿಗೆ ಖಾತ್ರಿಯಾಗಿತ್ತು. ಈ ಸಲವಾದರೂ ಬೈಸಿಕೊಳ್ಳಬಾರದು ಅಂತ ಹಲ್ಲು ಕಚ್ಚಿದ.

ಗಾಡಿ ತಿರುವಿನಲ್ಲಿ ಮರೆಯಾಯಿತು. ಬೈದು ಬೈದು ದುಂಡಮ್ಮನ ಗಂಟಲು ಕಟ್ಟಿತು. ಆಮೇಲೆ ಬೈಗುಳವೂ ಹೊರಡಲಿಲ್ಲ, ಹೆದರಿಕೆ ಹತ್ತಿತು. ತಾನು ಸತ್ತ ಮೇಲೆ ಆಗಬೇಕಾದದ್ದು ಇವತ್ತೇ ಆಗಿಹೋಗಿತ್ತು. ಅವಳ ಪೆದ್ದ ಒಬ್ಬನೇ, ಪರನಾಡಿನಲ್ಲಿ, ಹಿಂದೆ ಯಾರೂ ಇಲ್ಲದೆ. ಬೇಲಿಯ ಗೂಟ ಒಂದನ್ನು ಕಿತ್ತು ಊರಿಕೊಂಡಳು. ಮಂಡಿ ಬೇಡ ಅಂದಿತು, ಅವಳು ಕೇಳಲಿಲ್ಲ. ಸೆರಗು ಬಿಗಿದು ಒಂದೊಂದೇ ಹೆಜ್ಜೆ ಇಟ್ಟಳು. ಸಂಜೆ ಬಾತುಕೋಳಿಗಳು ಮನೆ ಸೇರುವ ಹೊತ್ತಿಗೆ ಕೆಸರುನಾಡಿನ ಕೇರಿ ಮುಟ್ಟಿದಳು. ಬೇಲಿಯ ಮೇಲಿನಿಂದ ಒಂದು ಅಂಗಳದಲ್ಲಿ ತನ್ನ ಗಾಡಿ ಕಂಡಿತು. ಅವಳು ಗೂಟಕ್ಕೆ ಒರಗಿ ನೋಡಿದಳು.

ತಿಪ್ಪ ಬೇಲಿಗೆ ಬೆನ್ನು ಹಾಕಿ ಎಲೆಯ ಮುಂದೆ ಕೂತಿದ್ದ. ತಿಗರಿಯನ್ನು ಇಳಿಸಿ ಸೂರಿನ ಕೆಳಗೆ ಇಟ್ಟಾಗಿತ್ತು. ಮುದುಕನೊಬ್ಬ ಎದುರು ಕೂತು ಇವನಿಗೆ ಬೀಸಣಿಗೆ ಬೀಸುತ್ತಿದ್ದ. ಇಬ್ಬರು ಗಂಡಸರು ಏಣಿಗೆ ಕಂಬಳಿ ಕಟ್ಟುತ್ತಾ, ನಿಮ್ಮವ್ವನನ್ನು ಹೊತ್ತು ತರಬೇಕು, ಎಲ್ಲಿ ಬಿಟ್ಟು ಬಂದೆಯಪ್ಪಾ ಅಂತ ಕೇಳುತ್ತಿದ್ದರು.

"ಬಿಟ್ಟಿಲ್ಲ. ಹಿಂದೆ ಅವಳೆ."

"ಎಷ್ಟು ಹಿಂದೆ?"

"ನೋಡಿಲ್ಲ. ನೋಡಕೂಡದು."

ಹನುಮಕ್ಕ ಅನ್ನ ಬಡಿಸುತ್ತಾ ನಗುತ್ತಿದ್ದಳು. ತಿಪ್ಪನ ಬೆನ್ನ ಹಿಂದೆ ನೆಲ ಸಾರಿಸಿ ಇನ್ನೊಂದು ಎಲೆ ಹಾಕಿತ್ತು. ಅವ್ವ ಹಿಂದೆ ಇದ್ದಾಳೆ, ಅವಳ ಎಲೆ ಹಿಂದೆಯೇ ಹಾಕಿ ಅಂತ ಇವನು ಹಟ ಹಿಡಿದಿದ್ದ. ಅವರೂ ಹಾಗೇ ಹಾಕಿದ್ದರು. ಅದರಲ್ಲಿ ಬಡಿಸಿಟ್ಟ ಅನ್ನದಿಂದ ಹಬೆ ಏಳುತ್ತಿತ್ತು.

ದುಂಡಮ್ಮ ಬೇಲಿಯ ತಡಿಕೆ ಸರಿಸಿ ಒಳಗೆ ಬಂದಳು. ಎಲ್ಲರೂ ಎದ್ದರು. ಅವಳು ಬಾಯಿಯ ಮೇಲೆ ಬೆರಳಿಟ್ಟು, ಗೂಟ ಕೆಳಗಿಟ್ಟು, ಮಗನ ಬೆನ್ನಿಗೆ ಬೆನ್ನು ಕೊಟ್ಟು ಆ ಎಲೆಯ ಮುಂದೆ ಕೂತಳು. ಒಂದು ತುತ್ತು ಬಾಯಿಗಿಟ್ಟಳು. ಅವತ್ತಿನ ತನಕ ಎದೆಯಲ್ಲಿದ್ದ ಮುಳ್ಳು ಆ ತುತ್ತಿನ ಜೊತೆ ಇಳಿದುಹೋಯಿತು.

"ಬಂದ್ಯಾ ಅವ್ವ? ನೀ ಹೇಳಿದಂಗೇ ಮಾಡಿದೆ. ಈಗ ತಿರುಗ್ಲಾ?"

ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದನ್ನು ಮಗ ನೋಡುವುದು ಅವಳಿಗೆ ಬೇಡವಾಗಿತ್ತು.

"ಬೇಡ ಮಗ. ಮೊದ್ಲು ಉಣ್ಣು."

ತಿಪ್ಪ ಉಂಡ. ಇನ್ನೊಂದು ಸಲ ಬಡಿಸಿದರು, ಉಂಡ. ಮತ್ತೊಂದು ಸಲ ಬಡಿಸಿದರು, ಅದನ್ನೂ ಉಂಡ. ಪಾತ್ರೆ ಬರಿದಾಗಿ ಹನುಮಕ್ಕ ಪಕ್ಕದ ಮನೆಯಿಂದ ಅನ್ನ ತಂದಳು, ಅದು ಮುಗಿದು ಅದರಾಚೆಯ ಮನೆಯಿಂದ ಬಂತು. ಉಣ್ಣು ಅಂದ ಅವ್ವ ಸಾಕು ಅಂತ ಹೇಳುವುದನ್ನು ಮರೆತಿದ್ದಳು. ಆ ನಾಡಿನಲ್ಲಿ ಬೇರೆ ಯಾರೂ ಅದನ್ನು ಹೇಳಲಿಲ್ಲ.