ಚೆಂಡು ಒಯ್ದ ದೂರ

ಬೆಂಗಳೂರು ದಂಡಿನ ಕಡೆ ಒಂದು ಫುಟ್‌ಬಾಲ್ ಕ್ಲಬ್ಬಿತ್ತು. ಫೈನಲ್‌ ತಂಡದಲ್ಲಿ ಒಂದೇ ಜಾಗ ಖಾಲಿ. ಅದಕ್ಕೆ ಇಬ್ಬರು: ಅಧ್ಯಕ್ಷ ಮುನಿಸ್ವಾಮಪ್ಪನವರ ಅಕ್ಕನ ಮಗ ಲೋಹಿತ, ಬೇಕರಿ ಕೆಲಸದ ಅಂತೋಣಿ.

"ಚೆಂಡು ತಗೊಂಡು ಯಾರು ಹೆಚ್ಚು ದೂರ ಓಡಿದ್ದಾರೆ, ಲೆಕ್ಕ ತೆಗಿಯಯ್ಯ," ಅಂದರು ಅಧ್ಯಕ್ಷರು.

ಕ್ಲಬ್ಬಿನ ಗುಮಾಸ್ತ ಲೆಕ್ಕ ತೆಗೆದ. ಲೋಹಿತನದು ಅಂತೋಣಿಯ ಎರಡರಷ್ಟು. ಆದರೆ ಎದುರಾಳಿ ಬಂದರೆ ಸಾಕು, ಲೋಹಿತ ಚೆಂಡು ತಗೊಂಡು ಹಿಂದಕ್ಕೆ ಓಡುತ್ತಿದ್ದ. ಅಂತೋಣಿ ಗೋಲಿನ ಕಡೆಗೇ ನುಗ್ಗುತ್ತಿದ್ದ. ಅದನ್ನು ಹೇಳಲು ಗುಮಾಸ್ತನಿಗೆ ಬಾಯಿ ಬರಲಿಲ್ಲ.

"ಲೆಕ್ಕ ಅಂದ್ರೆ ಲೆಕ್ಕ. ಲೋಹಿತನೇ ಆಡ್ತಾನೆ!" ಅಂದರು ಅಧ್ಯಕ್ಷರು.

"ಪರವಾಗಿಲ್ಲ ಅಣ್ಣ, ನೀವೇನು ಮಾಡೋಕಾಗುತ್ತೆ," ಎಂದು ಅಂತೋಣಿ ಗುಮಾಸ್ತನಿಗೇ ಸಮಾಧಾನ ಹೇಳಿದ. ಗುಮಾಸ್ತ ನಾಚಿಕೆಯಿಂದ ಕುಗ್ಗಿಹೋದ.

ಅಷ್ಟರಲ್ಲಿ ಅಧ್ಯಕ್ಷರು ಕಾಫಿ ಕೇಳಿದರು. ಗುಮಾಸ್ತ ತಾನೇ ಎದ್ದ. ಕ್ಯಾಂಟೀನಿನಿಂದ ಲೋಟ ಹಿಡಿದು ಮೈದಾನ ಸುತ್ತಿದ. ಅಧ್ಯಕ್ಷರ ಕಿಟಕಿಯವರೆಗೂ ಬಂದ, ಹಿಂದಕ್ಕೆ ತಿರುಗಿದ. ಇನ್ನೊಂದು ಸುತ್ತು ಹಾಕಿ, ಲೋಟವನ್ನು ಕ್ಯಾಂಟೀನಿನಲ್ಲೇ ಇಟ್ಟು, ಬರಿಗೈಯಲ್ಲಿ ಬಂದು ನಿಂತ.

"ಕಾಫಿ ಎಲ್ಲಯ್ಯಾ?"

"ತುಂಬಾ ದೂರ ಹೊತ್ತೆ ಸಾರ್. ಈ ಕ್ಲಬ್ಬಲ್ಲಿ ಇಷ್ಟು ದೂರ ಕಾಫಿ ಹೊತ್ತೋರು ಯಾರೂ ಇಲ್ಲ."

"ನನ್ನ ಬಾಯಿಗೆ ಬರಲಿಲ್ಲವಲ್ಲೋ!"

"ಅದನ್ನೂ ಲೆಕ್ಕಕ್ಕೆ ಹಿಡೀಬೇಕಾ ಸಾರ್?"

ಅಧ್ಯಕ್ಷರ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದರು. ಪಕ್ಕದಲ್ಲಿದ್ದ ಲೋಹಿತ ತಲೆ ತಗ್ಗಿಸಿ, ತನಗೆ ಕೊಟ್ಟಿದ್ದ ತಂಡದ ಜೆರ್ಸಿಯನ್ನು ಅಂತೋಣಿಯ ಕೈಗಿಟ್ಟ.

"ಮಾವ, ಗೋಲಿನ ಹತ್ತಿರ ಹೋಗೋಕೆ ನನಗೆ ಹೆದರಿಕೆ."

ಅಧ್ಯಕ್ಷರು ಯಾರ ಮುಖವನ್ನೂ ನೋಡಲಿಲ್ಲ.

"ಗೊತ್ತಪ್ಪ," ಎಂದರು ಮೆಲ್ಲಗೆ. "ಆದರೆ ನಿಮ್ಮಮ್ಮನಿಗೆ ನೀನೇ ಹೇಳು. ಅಕ್ಕನ ಹತ್ತಿರ ಹೋಗೋಕೆ ನನಗೆ ಹೆದರಿಕೆ."